ಹೆಸರು ಮಾತ್ರವೇ, ನಡೆಸುವ ರೀತಿಯೂ ಸೇರಿಯೇ? ಸಣ್ಣ ಉದ್ದಿಮೆಯ ವಿಸ್ತರಣೆಗೆ ಲೈಸೆನ್ಸ್ ಮತ್ತು ಫ್ರಾಂಚೈಸಿ

(ತುಮಕೂರಿನಲ್ಲಿ ಸಣ್ಣ ಉದ್ದಿಮೆದಾರರ ಮುಂದೆ ಮಾಡಿದ ಉಪನ್ಯಾಸದ ಪರಿಷ್ಕೃತ ರೂಪ)

ಒಂದು ಹೋಟೆಲ್ಲೋ ಬೇಕರಿಯೋ ಚಟ್ನಿಪುಡಿಯ ಘಟಕವೋ ನಾಲ್ಕಾರು ವರ್ಷ ಚೆನ್ನಾಗಿ ನಡೆದರೆ, ಅದರ ಮಾಲೀಕರ ಬಳಿಗೆ ಬೇರೆ ಊರಿನಿಂದ ಯಾರಾದರೊಬ್ಬರು ಬಂದು "ನಿಮ್ಮ ಹೆಸರಿನಲ್ಲಿ ನಮ್ಮೂರಲ್ಲೂ ಶುರು ಮಾಡುತ್ತೇವೆ, ಫ್ರಾಂಚೈಸಿ ಕೊಡಿ" ಎಂದು ಕೇಳುತ್ತಾರೆ. ಆಗ ಮಾಲೀಕರು ನಮ್ಮಂಥ ಲೆಕ್ಕ ಬರೆಯುವವರ ಹತ್ತಿರ ಬಂದು ಮೊದಲು ಕೇಳುವುದು ಎಷ್ಟು ಶುಲ್ಕ ತೆಗೆದುಕೊಳ್ಳಬಹುದು ಎಂಬುದನ್ನು. ನಾನು ಅವರನ್ನು ಮೊದಲು ಕೇಳುವುದು ಬೇರೆ: ಆ ದೂರದ ಅಂಗಡಿಯಲ್ಲಿ ದಿನವೂ ಏನು ನಡೆಯುತ್ತಿದೆ ಎಂದು ನೋಡಿಕೊಳ್ಳುವುದಕ್ಕೆ ನೀವು ಎಷ್ಟು ಖರ್ಚು ಮಾಡಬಲ್ಲಿರಿ? ಲೈಸೆನ್ಸ್ ಸಾಕೋ ಫ್ರಾಂಚೈಸಿ ಬೇಕೋ ಎಂಬುದು ಬಹುಮಟ್ಟಿಗೆ ಈ ಪ್ರಶ್ನೆಗೆ ನೀವು ಕೊಡುವ ಉತ್ತರದಿಂದಲೇ ತೀರ್ಮಾನವಾಗುತ್ತದೆ.

ಎರಡರ ವ್ಯತ್ಯಾಸವನ್ನು ಮೊದಲು ಸರಳವಾಗಿ ಹೇಳಿಬಿಡುತ್ತೇನೆ. ಲೈಸೆನ್ಸ್‌ನಲ್ಲಿ ನಿಮ್ಮ ಹೆಸರನ್ನೋ ಚಿಹ್ನೆಯನ್ನೋ ತಯಾರಿಕೆಯ ವಿಧಾನವನ್ನೋ ಒಂದು ನಿರ್ದಿಷ್ಟ ಸರಕಿಗೆ, ಒಂದು ನಿರ್ದಿಷ್ಟ ಪ್ರದೇಶದಲ್ಲಿ, ಒಂದು ಅವಧಿಯವರೆಗೆ ಬಳಸಲು ಇನ್ನೊಬ್ಬರಿಗೆ ಅನುಮತಿ ಕೊಡುತ್ತೀರಿ. ಅವರು ತಮ್ಮ ವ್ಯಾಪಾರವನ್ನು ತಮ್ಮ ರೀತಿಯಲ್ಲಿ ನಡೆಸುತ್ತಾರೆ, ನಿಮಗೆ ರಾಯಲ್ಟಿ, ಅಂದರೆ ಮಾರಾಟದ ಲೆಕ್ಕದಲ್ಲಿ ಬಳಕೆಯ ಶುಲ್ಕ, ಕೊಡುತ್ತಾರೆ. ಫ್ರಾಂಚೈಸಿಯಲ್ಲಿ ಹೆಸರಿನ ಜೊತೆಗೆ ವ್ಯಾಪಾರ ನಡೆಸುವ ರೀತಿಯೂ ಹೋಗುತ್ತದೆ. ಅಂಗಡಿಯ ವಿನ್ಯಾಸ, ತಿಂಡಿಗಳ ಪಟ್ಟಿ, ದರ, ಸಾಮಗ್ರಿ ಎಲ್ಲಿಂದ ಬರಬೇಕು, ಕೆಲಸಗಾರರಿಗೆ ಯಾರು ತರಬೇತಿ ಕೊಡಬೇಕು, ಬಿಲ್ಲು ಯಾವ ಸಾಫ್ಟ್‌ವೇರಿನಲ್ಲಿ ಆಗಬೇಕು ಎಂಬುದೆಲ್ಲ ನಿಮ್ಮ ನಿಯಮದಂತೆ ನಡೆಯಬೇಕಾಗುತ್ತದೆ. ಬಂಡವಾಳ ಮತ್ತು ನಷ್ಟದ ಹೊಣೆ ಎರಡರಲ್ಲಿಯೂ ಮುಖ್ಯವಾಗಿ ಎದುರಿನವರದೇ.

ನಮ್ಮ ಮನೆ ಬಾಗಿಲಿಗೆ ಬೆಳಿಗ್ಗೆ ಬರುವ ಹಾಲಿನ ಪ್ಯಾಕೆಟ್ಟನ್ನು ನೋಡಿ. 'ನಂದಿನಿ' ಎಂಬ ಹೆಸರು ಕರ್ನಾಟಕ ಹಾಲು ಮಹಾಮಂಡಳಿಯದು, ಹಾಲನ್ನು ಸಂಗ್ರಹಿಸಿ ಸಂಸ್ಕರಿಸುವುದು ಇಲ್ಲಿ ತುಮಕೂರು ಒಕ್ಕೂಟ, ಕೋಲಾರದಲ್ಲಿ ಅಲ್ಲಿಯ ಒಕ್ಕೂಟ. ಸಹಕಾರ ವ್ಯವಸ್ಥೆಯಾದ್ದರಿಂದ ಇದನ್ನು ಖಾಸಗಿ ಲೈಸೆನ್ಸ್‌ಗೆ ಪೂರ್ತಿ ಸಮ ಎನ್ನಲಾಗದು, ಆದರೆ ಹೆಸರು ಒಂದು ಕಡೆ, ತಯಾರಿಕೆ ಹಲವು ಕಡೆ ಎಂಬ ಏರ್ಪಾಡು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದಿಲ್ಲ. ಈ ಏರ್ಪಾಡು ನಡೆಯುವುದಕ್ಕೆ ಕಾರಣ, ಹಾಲಿನ ಕೊಬ್ಬಿನಂಶವನ್ನೂ ಘನಾಂಶವನ್ನೂ ಯಂತ್ರದಲ್ಲಿ ಅಳೆಯಬಹುದು. ಅಳೆಯಬಹುದಾದ ಸರಕು ಲೈಸೆನ್ಸ್‌ಗೆ ಒಗ್ಗುತ್ತದೆ. ಗ್ರಾಹಕರು ನಿಮ್ಮಲ್ಲಿಗೆ ಬರುವುದು ಪ್ಯಾಕೆಟ್ಟಿನೊಳಗಿನ ಪದಾರ್ಥಕ್ಕಾದರೆ ಲೈಸೆನ್ಸ್ ಸಾಕು. ತಟ್ಟೆಗೆ ಬಿಸಿಯಾಗಿ ಬೀಳುವ ಇಡ್ಲಿ, ಬೆಣ್ಣೆ ಹಾಕುವ ಕೈ, ಟೇಬಲ್ ಒರೆಸುವ ಶುಚಿ ಇವೆಲ್ಲ ಸೇರಿ ನಿಮ್ಮ ಹೆಸರಾಗಿದ್ದರೆ, ಬರೀ ಲೈಸೆನ್ಸ್ ಕೊಟ್ಟು ಕೂತರೆ ಆ ಹೆಸರು ಎರಡು ವರ್ಷ ಬಾಳುವುದಿಲ್ಲ.

ಒಂದೇ ಉದ್ದಿಮೆಗೆ ಈ ಎರಡೂ ಮುಖಗಳಿರಬಹುದು. 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲ್ಲಾಗಿ ಶುರುವಾದ ಎಂಟಿಆರ್ ಮುಂದೆ ಪೊಟ್ಟಣದ ತಿಂಡಿ, ಮಸಾಲೆಗಳಿಗೂ ಹೆಸರಾಯಿತು. 2007ರಲ್ಲಿ ಪೊಟ್ಟಣದ ವ್ಯಾಪಾರ ನಾರ್ವೆಯ ಓರ್ಕ್ಲಾ ಕಂಪನಿಗೆ ಮಾರಾಟವಾಯಿತು, ಹೋಟೆಲ್ಲುಗಳು ಕುಟುಂಬದ ಕೈಯಲ್ಲೇ ಉಳಿದವು. ಇಲ್ಲಿ ಆದದ್ದು ಮಾರಾಟವೇ ಹೊರತು ಲೈಸೆನ್ಸ್ ಅಲ್ಲ ಎಂಬುದು ನಿಜ. ಆದರೂ ಅಂಗಡಿಯ ಹೆಸರನ್ನೂ ಪೊಟ್ಟಣದ ಹೆಸರನ್ನೂ ಬೇರೆ ಬೇರೆ ಆಸ್ತಿಗಳೆಂದು ನೋಡಲು ಸಾಧ್ಯ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹೋಟೆಲ್ ನಡೆಸುವ ನಿಮ್ಮಲ್ಲಿ ಕೆಲವರಿಗೆ ಎರಡನೆಯ ಶಾಖೆಗಿಂತ ಚಟ್ನಿಪುಡಿಯ ಪೊಟ್ಟಣವೇ ಒಳ್ಳೆಯ ವಿಸ್ತರಣೆಯಾಗಬಹುದು.

ಈಗ ಹೆಸರಿನ ವಿಚಾರ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ತಮ್ಮದಲ್ಲದ ಹೆಸರನ್ನು ಕೊಡಲು ಹೊರಟವರೇ ನಮ್ಮಲ್ಲಿ ಹೆಚ್ಚು. ಬೆಂಗಳೂರಿನ ಕಡೆ ಹೋದರೆ 'ಕ್ಯಾತ್ಸಂದ್ರ ತಟ್ಟೆ ಇಡ್ಲಿ' ಎಂಬ ಬೋರ್ಡುಗಳು ಕಾಣುತ್ತವೆ. ಅವರನ್ನು ತಡೆಯಲು ಯಾರಿಗೆ ಹಕ್ಕಿದೆ? ಊರಿನ ಹೆಸರು ಮತ್ತು ತಿಂಡಿಯ ಹೆಸರು ಮಾತ್ರ ಇರುವ ಗುರುತನ್ನು, ಅಂದರೆ ಸರಕಿನ ಬಗೆಯನ್ನೋ ಅದು ಹುಟ್ಟಿದ ಸ್ಥಳವನ್ನೋ ಮಾತ್ರ ತಿಳಿಸುವ ಪದಗಳನ್ನು, 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ಸಾಮಾನ್ಯವಾಗಿ ನೋಂದಣಿಗೆ ಒಪ್ಪುವುದಿಲ್ಲ. ದೀರ್ಘ ಬಳಕೆಯಿಂದ ಆ ಪದಗಳು ನಿಮ್ಮೊಬ್ಬರನ್ನೇ ಸೂಚಿಸುವಂತಾಗಿವೆ ಎಂದು ಸಾಬೀತುಪಡಿಸಬೇಕಾಗುತ್ತದೆ. ಅಯ್ಯಂಗಾರ್ ಬೇಕರಿಯ ಕಥೆಯೂ ಇದೇ. ಹಾಸನದ ಕಡೆಯ ಕುಟುಂಬಗಳು ಆ ಹೆಸರನ್ನು ನಾಡಿನ ಊರೂರಿಗೆ ಒಯ್ದವು, ಯಾರೂ ಯಾರಿಗೂ ರಾಯಲ್ಟಿ ಕೊಡಲಿಲ್ಲ, ಇಂದು ಆ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ. ಆ ಕುಟುಂಬಗಳಿಗೆ ಅದರಿಂದ ಬದುಕು ಸಿಕ್ಕಿತು, ನಾನು ಅದನ್ನು ಕೊರತೆ ಎಂದು ಹೇಳುತ್ತಿಲ್ಲ. ಆದರೆ ಅಂಥ ಹೆಸರಿನ ಮೇಲೆ ಲೈಸೆನ್ಸನ್ನಾಗಲೀ ಫ್ರಾಂಚೈಸಿಯನ್ನಾಗಲೀ ಕಟ್ಟಲು ಬರುವುದಿಲ್ಲ.

ಆದ್ದರಿಂದ ನಿಮ್ಮದೇ ಆದ ಒಂದು ಹೆಸರು, ಅದರ ನೋಂದಣಿ, ಇವು ಮೊದಲ ಕೆಲಸ. ಕರ್ನಾಟಕದ ಅರ್ಜಿಗಳು ಚೆನ್ನೈ ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ವ್ಯಾಪ್ತಿಗೆ ಬರುತ್ತವೆ, ಆನ್‌ಲೈನಿನಲ್ಲೇ ಸಲ್ಲಿಸಬಹುದು. ವ್ಯಕ್ತಿಗಳಿಗೆ ಮತ್ತು ಉದ್ಯಮ್ ಪ್ರಮಾಣಪತ್ರವಿರುವ ಸಣ್ಣ ಉದ್ದಿಮೆಗಳಿಗೆ ಒಂದು ವರ್ಗಕ್ಕೆ (ನೋಂದಣಿಗಾಗಿ ಸರಕು, ಸೇವೆಗಳನ್ನು ವಿಂಗಡಿಸಿರುವ ಗುಂಪು) 4,500 ರೂಪಾಯಿ ಶುಲ್ಕ, ಇತರರಿಗೆ 9,000. ನೋಂದಣಿ 10 ವರ್ಷ ಇರುತ್ತದೆ, ಮತ್ತೆ ಮತ್ತೆ ನವೀಕರಿಸಬಹುದು. ವರ್ಗದ ಆಯ್ಕೆಯಲ್ಲಿ ಎಚ್ಚರವಿರಲಿ: ಹೋಟೆಲ್ ಸೇವೆ 43ನೇ ವರ್ಗದಲ್ಲಿದೆ, ಕಾಫಿ, ಹಿಟ್ಟು, ಮಸಾಲೆ, ಬೇಕರಿ ತಿನಿಸು 30ರಲ್ಲಿವೆ. 43ರಲ್ಲಿ ಮಾತ್ರ ನೋಂದಾಯಿಸಿಕೊಂಡವರು ಮಸಾಲೆ ಪುಡಿಗೂ ಆ ಹೆಸರು ತಮ್ಮದೇ ಎಂದು ನಿಶ್ಚಿಂತೆಯಿಂದ ಕೂರುವಂತಿಲ್ಲ. ಹಾಲು ಮಹಾಮಂಡಳಿ 1985ರಿಂದ 'ನಂದಿನಿ' ಎಂದು ಬಳಸುತ್ತಿದ್ದರೆ, 1989ರಲ್ಲಿ ಬೆಂಗಳೂರಿನ ಒಂದು ರೆಸ್ಟೋರೆಂಟ್ ಸಂಸ್ಥೆ 'ನಂದಿನಿ ಡಿಲಕ್ಸ್' ಎಂದು ಆರಂಭಿಸಿತು. ರೆಸ್ಟೋರೆಂಟಿನವರ ನೋಂದಣಿಗೆ ಮಹಾಮಂಡಳಿ ಒಡ್ಡಿದ ಆಕ್ಷೇಪ ಸುಪ್ರೀಂ ಕೋರ್ಟಿನವರೆಗೆ ಹೋಯಿತು, 2018ರ ಜುಲೈನಲ್ಲಿ ನ್ಯಾಯಾಲಯ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬಿಟ್ಟು ಉಳಿದವಕ್ಕೆ ರೆಸ್ಟೋರೆಂಟಿನವರ ಪರವಾಗಿ ತೀರ್ಪು ಕೊಟ್ಟಿತು. ನಾಡಿನಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರಿಗೇ ಹೀಗಾದರೆ, ನಮ್ಮ ನಿಮ್ಮ ಹೆಸರುಗಳ ಮೇರೆಯನ್ನು ಮೊದಲೇ ಗುರುತಿಸಿಕೊಳ್ಳುವುದು ಒಳ್ಳೆಯದು.

ಇಲ್ಲೊಂದು ಮಾತು, ಸ್ವಲ್ಪ ದಾರಿ ಬಿಟ್ಟದ್ದು. ತಂದೆಯ ಹೆಸರಿನಲ್ಲಿದ್ದ ಹೋಟೆಲ್ ಮಕ್ಕಳ ಕಾಲಕ್ಕೆ ಪಾಲಾದಾಗ ಜಾಗ, ಪಾತ್ರೆ, ಸಾಲ ಎಲ್ಲವೂ ಪಾಲುಪಟ್ಟಿಯಲ್ಲಿ ಬರುತ್ತವೆ, ಹೆಸರು ಮಾತ್ರ ಬರುವುದಿಲ್ಲ. ಆಮೇಲೆ ಒಬ್ಬರು 'ಹಳೆಯ' ಎಂದೂ ಇನ್ನೊಬ್ಬರು 'ಮೂಲ' ಎಂದೂ ಬೋರ್ಡು ಹಾಕಿಕೊಂಡು ಒಂದೇ ರಸ್ತೆಯಲ್ಲಿ ಕೂರುತ್ತಾರೆ. ಇಂಥ ಮನೆಯಿಂದ ಫ್ರಾಂಚೈಸಿ ಪಡೆದ ಹೊರಗಿನವರು ಯಾರ ಹತ್ತಿರ ಕರಾರು ಮಾಡಿಕೊಂಡರೂ ಇನ್ನೊಬ್ಬರ ನೋಟಿಸು ಬರುವುದು ಖಚಿತ. ಹೆಸರು ಒಬ್ಬರ ಸ್ವಂತದ್ದೋ, ಅವಿಭಕ್ತ ಕುಟುಂಬದ್ದೋ, ಪಾಲುದಾರಿಕೆ ಸಂಸ್ಥೆಯದೋ ಎಂಬುದನ್ನು ಮನೆಯೊಳಗೆ ಕೂತು ಕಾಗದದಲ್ಲಿ ಇತ್ಯರ್ಥ ಮಾಡಿಕೊಂಡ ಮೇಲೆ ಹೊರಗಿನವರ ಜೊತೆ ಮಾತನಾಡಿ.

ಹಣದ ಲೆಕ್ಕಕ್ಕೆ ಬರೋಣ. ಅಂಕಿಗಳೆಲ್ಲ ಊಹೆಯವು, ನಿಮ್ಮ ಅಂಕಿಗಳನ್ನು ಹಾಕಿಕೊಂಡು ನೋಡಿ. ನಿಮ್ಮ ತಟ್ಟೆ ಇಡ್ಲಿ ಹೋಟೆಲಿನ ಒಂದು ಫ್ರಾಂಚೈಸಿ ಶಿರಾದಲ್ಲಿ ಶುರುವಾಗಿ ತಿಂಗಳಿಗೆ 6 ಲಕ್ಷ ರೂಪಾಯಿ ವ್ಯಾಪಾರ ಮಾಡುತ್ತದೆ ಎನ್ನೋಣ. ಶೇ 5ರ ರಾಯಲ್ಟಿ ಎಂದರೆ 30,000. ಅದರ ಮೇಲೆ ಶೇ 18 ಜಿಎಸ್‌ಟಿ, 5,400. ಶಿರಾದವರು ಗ್ರಾಹಕರಿಂದ ಶೇ 5 ಜಿಎಸ್‌ಟಿ ವಸೂಲು ಮಾಡುವ ಸಾಮಾನ್ಯ ಹೋಟೆಲಿನವರು, ಆ ದರದಲ್ಲಿ ಹೂಡುವಳಿ ತೆರಿಗೆ ಜಮೆ, ಅಂದರೆ ಖರೀದಿಯ ಮೇಲೆ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಇಲ್ಲ. ಹಾಗಾಗಿ ಆ 5,400 ಅವರಿಗೆ ವಾಪಸು ಬರುವುದಿಲ್ಲ. ನೀವು ಶೇ 5 ಎಂದುಕೊಂಡದ್ದು ಅವರ ಜೇಬಿನಿಂದ ಶೇ 5.9 ಆಗಿ ಹೋಗುತ್ತದೆ. ಕರಾರಿಗೆ ಮುಂಚೆ ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ, ಇಲ್ಲವಾದರೆ ಮೊದಲ ಬಿಲ್ಲಿನ ದಿನವೇ ಮನಸ್ತಾಪ ಶುರುವಾಗುತ್ತದೆ.

ನಿಮ್ಮ ಕಡೆಯ ಲೆಕ್ಕ ಇನ್ನೂ ಬಿಗಿ. ಬಂದ 30,000ದಲ್ಲಿ ಶಿರಾಕ್ಕೆ ಹೋಗಿ ಅಡುಗೆಮನೆ ನೋಡಿ, ಹಿಟ್ಟಿನ ಹುಳಿ ನೋಡಿ, ಬಿಲ್ಲು ತಾಳೆ ಹಾಕಿ ಬರುವ ಒಬ್ಬ ಮೇಲ್ವಿಚಾರಕರಿಗೆ 22,000 ಸಂಬಳ, ಓಡಾಟಕ್ಕೆ ಮತ್ತಿತರ ವೆಚ್ಚಕ್ಕೆ 6,000 ಎಂದರೆ ಉಳಿಯುವುದು 2,000. ಒಂದೇ ಒಂದು ಫ್ರಾಂಚೈಸಿಯಿಂದ ಹೇಳಿಕೊಳ್ಳುವಂಥ ಲಾಭ ಬರುವುದಿಲ್ಲ. ಅದೇ ಮೇಲ್ವಿಚಾರಕರು ಶಿರಾ, ಹಿರಿಯೂರು, ಗುಬ್ಬಿ, ತಿಪಟೂರು ಎಂದು ನಾಲ್ಕು ಕಡೆ ನೋಡಿಕೊಳ್ಳುವಂತಾದಾಗ 1,20,000 ಬಂದು, ಓಡಾಟದ ಖರ್ಚು ಒಂದಷ್ಟು ಹೆಚ್ಚಿದರೂ ಕೈಯಲ್ಲಿ ಏನಾದರೂ ನಿಲ್ಲುತ್ತದೆ. ಫ್ರಾಂಚೈಸಿ ಎಂಬುದು ನಿಮ್ಮ ಹೋಟೆಲಿನ ಹೊರಗೆ ನೀವು ತೆರೆಯುವ ಮೇಲ್ವಿಚಾರಣೆಯ ವ್ಯಾಪಾರ, ಹೋಟೆಲ್ ಚೆನ್ನಾಗಿ ನಡೆಸುವವರಿಗೆಲ್ಲ ಅದು ಬರುತ್ತದೆ ಎಂದೇನಿಲ್ಲ. ಆರಂಭದಲ್ಲಿ ಸಿಗುವ ಎರಡು ಮೂರು ಲಕ್ಷದ ಪ್ರವೇಶ ಶುಲ್ಕವನ್ನು ನೋಡಿ ಇದನ್ನು ಮರೆಯುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಆ ಹಣವನ್ನು ಆದಾಯ ಎಂದು ಎಣಿಸಲೇಬಾರದು, ತರಬೇತಿಗೂ ಅಡುಗೆಯ ಅಳತೆ ಬರೆದಿಡುವುದಕ್ಕೂ ಅದು ಖರ್ಚಾಗಿ ಹೋಗಬೇಕು.

ಲೈಸೆನ್ಸ್‌ನ ಲೆಕ್ಕ ಇಷ್ಟು ಬಿಗಿಯಿಲ್ಲ. ತಿಪಟೂರಿನ ಕೊಬ್ಬರಿಯಿಂದ ಚಟ್ನಿಪುಡಿ ಮಾಡುವ ನೀವು ಹುಬ್ಬಳ್ಳಿಯ ಒಬ್ಬ ತಯಾರಕರಿಗೆ ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ ಲೈಸೆನ್ಸ್ ಕೊಟ್ಟು, ಕೆಜಿಗೆ 10 ರೂಪಾಯಿಯಂತೆ ತಿಂಗಳಿಗೆ 3,000 ಕೆಜಿಗೆ ಅದೇ 30,000 ಪಡೆಯುತ್ತೀರಿ. ಹುಬ್ಬಳ್ಳಿಯವರು ಸಾಮಾನ್ಯ ಜಿಎಸ್‌ಟಿ ಕಟ್ಟುವ ತಯಾರಕರಾದರೆ ನಿಮ್ಮ ರಾಯಲ್ಟಿಯ ಮೇಲಿನ ತೆರಿಗೆಯನ್ನು ಜಮೆ ತೆಗೆದುಕೊಳ್ಳಬಹುದು. ನಿಮ್ಮ ಮೇಲ್ವಿಚಾರಣೆ ಎಂದರೆ ತಿಂಗಳಿಗೊಂದು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವುದು ಮತ್ತು ಹೇಳದೆ ಕೇಳದೆ ಆಗೊಮ್ಮೆ ಈಗೊಮ್ಮೆ ಹೋಗಿ ನೋಡುವುದು. ಆದರೆ ಅವರು ನಿಜವಾಗಿ 3,000 ಕೆಜಿಯನ್ನೇ ಮಾರಿದರೇ, 5,000 ಮಾರಿ 3,000 ತೋರಿಸಿದರೇ? ಇದಕ್ಕೆ ಒಳ್ಳೆಯ ಉಪಾಯವೆಂದರೆ ಮುದ್ರಿತ ಪೌಚುಗಳನ್ನು ನೀವೇ ಮಾಡಿಸಿ ಕೊಡುವುದು. ಪೌಚಿನ ಲೆಕ್ಕವೇ ಮಾರಾಟದ ಲೆಕ್ಕ. ಫ್ರಾಂಚೈಸಿಯಲ್ಲೂ ಇದೇ ಉಪಾಯ ನಡೆಯುತ್ತದೆ: ಸಾಂಬಾರ್ ಪುಡಿಯೋ ಬೇರೆ ಮಿಶ್ರಣವೋ ನಿಮ್ಮ ಅಡುಗೆಮನೆಯಿಂದಲೇ ಹೋಗುವಂತಿದ್ದರೆ, ಎಷ್ಟು ಕೆಜಿಗೆ ಎಷ್ಟು ತಟ್ಟೆ ಎಂಬುದು ನಿಮಗೆ ಗೊತ್ತಿರುವುದರಿಂದ, ಬಿಲ್ಲಿನ ಪುಸ್ತಕವನ್ನು ನಂಬಿ ಕೂರಬೇಕಾಗಿಲ್ಲ. ಇದನ್ನೇ ಪೂರ್ತಿಯಾಗಿ ಅನುಸರಿಸುವ ಸಂಸ್ಥೆಗಳೂ ಇವೆ. ಅಮುಲ್ ತನ್ನ ಮಳಿಗೆದಾರರಿಂದ ರಾಯಲ್ಟಿ ಕೇಳುವುದಿಲ್ಲ, ಸರಕನ್ನು ಮಾರುವುದರಲ್ಲೇ ಅದರ ಗಳಿಕೆ.

ಜಿಎಸ್‌ಟಿಯ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ನನ್ನ ವೃತ್ತಿಗೆ ದ್ರೋಹವಾದೀತು. ಕಾಂಪೊಸಿಷನ್ ಯೋಜನೆಯಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ಸರಳವಾಗಿ ಜಿಎಸ್‌ಟಿ ಕಟ್ಟುವ ಏರ್ಪಾಡಿನಲ್ಲಿ, ಇರುವ ಹೋಟೆಲಿನವರು ಇಲ್ಲಿ ಹಲವರಿದ್ದೀರಿ. ಆ ಯೋಜನೆಯಲ್ಲಿದ್ದುಕೊಂಡು ಹೋಟೆಲ್ ಸೇವೆಯ ಹೊರತಾದ ಇತರ ಸೇವೆಗಳಿಂದ ನೀವು ಪಡೆಯುವ ಮೊತ್ತ, ಹಿಂದಿನ ವರ್ಷದ ವಹಿವಾಟಿನ ಶೇ 10 ಅಥವಾ 5 ಲಕ್ಷ ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರುವಂತಿಲ್ಲ. ರಾಯಲ್ಟಿ ಈ ಇತರ ಸೇವೆಯ ಸಾಲಿನಲ್ಲೇ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾಂಪೊಸಿಷನ್‌ನವರು ಹೊರರಾಜ್ಯಕ್ಕೆ ಸರಕನ್ನಾಗಲೀ ಸೇವೆಯನ್ನಾಗಲೀ ಪೂರೈಸುವಂತಿಲ್ಲ. ಮಧುಗಿರಿ, ಗೌರಿಬಿದನೂರಿನವರಿಗೆ ಹಿಂದೂಪುರ ಪಕ್ಕದ ಊರು, ನೆಂಟರ ಊರು. ಕಾನೂನಿಗೆ ಅದು ಆಂಧ್ರಪ್ರದೇಶ. ಹಿಂದೂಪುರದ ಒಂದು ಸಣ್ಣ ಫ್ರಾಂಚೈಸಿಯಿಂದ ರಾಯಲ್ಟಿ ಬಂದರೆ ನಿಮ್ಮ ಇಡೀ ಹೋಟೆಲ್ ಕಾಂಪೊಸಿಷನ್‌ನಿಂದ ಹೊರಬೀಳುತ್ತದೆ.

ಹೊಣೆಗಾರಿಕೆಯ ವಿಷಯದಲ್ಲಿ "ತಯಾರಿಸಿದವರು ಅವರು, ನನಗೇನು" ಎಂಬ ಧೈರ್ಯ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಬೇರೆಯವರು ತಯಾರಿಸಿದ ಸರಕಿನ ಮೇಲೆ ತನ್ನ ಗುರುತನ್ನು ಹಾಕಿಸುವವರನ್ನೂ ಉತ್ಪನ್ನದ ತಯಾರಕ ಎಂಬ ವ್ಯಾಖ್ಯೆಯೊಳಗೆ ಸೇರಿಸಿದೆ. ಹುಬ್ಬಳ್ಳಿಯ ಪೊಟ್ಟಣದಲ್ಲಿ ದೋಷವಿದ್ದರೆ ದೂರು ತಿಪಟೂರಿಗೂ ಬರಬಹುದು. ಟ್ರೇಡ್‌ಮಾರ್ಕ್ ಕಾನೂನಿನಲ್ಲೂ ಗುಣಮಟ್ಟದ ಉಸ್ತುವಾರಿಗೆ ಬೆಲೆಯಿದೆ: ನಿಮ್ಮ ಅನುಮತಿಯಂತೆ ನಡೆದ ಬಳಕೆಯನ್ನು 48ನೇ ಕಲಂ ನಿಮ್ಮದೇ ಬಳಕೆ ಎಂದು ಪರಿಗಣಿಸುತ್ತದೆ, ಆದರೆ ನಿಮ್ಮ ಹೆಸರನ್ನು ಬಳಸುವವರನ್ನು ಟ್ರೇಡ್‌ಮಾರ್ಕ್ ಕಚೇರಿಯಲ್ಲಿ ಬಳಕೆದಾರರೆಂದು ನೋಂದಾಯಿಸಿದ್ದಲ್ಲಿ, ಕರಾರಿನಲ್ಲಿರುವ ಗುಣಮಟ್ಟದ ಷರತ್ತು ಜಾರಿಯಾಗುತ್ತಿಲ್ಲ ಎಂಬ ಕಾರಣಕ್ಕೆ 50ನೇ ಕಲಮಿನಡಿ ಅವರ ಆ ನೋಂದಣಿ ರದ್ದಾಗಲೂಬಹುದು. ಆಹಾರ ಸುರಕ್ಷತೆಯ ಪರವಾನಗಿ ಮಾತ್ರ ಆಯಾ ಜಾಗದವರು ತಮ್ಮ ಹೆಸರಿನಲ್ಲೇ ಪಡೆಯಬೇಕು, ನಿಮ್ಮ ನಂಬರು ಅಲ್ಲಿ ನಡೆಯುವುದಿಲ್ಲ.

ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಅಮೆರಿಕದಲ್ಲಿ ಫ್ರಾಂಚೈಸಿ ಕೊಡುವವರು 23 ಬಾಬುಗಳ ವಿವರಪತ್ರವನ್ನು ಸಹಿಗೆ ಅಥವಾ ಹಣ ಪಡೆಯುವುದಕ್ಕೆ ಕನಿಷ್ಠ 14 ದಿನ ಮುಂಚೆ ಎದುರಿನವರ ಕೈಗೆ ಕೊಡಬೇಕು. ಇಲ್ಲಿ ಹಾಗೆ ಕೇಳುವವರಿಲ್ಲದ್ದರಿಂದ 1872ರ ಕರಾರು ಕಾಯ್ದೆ ಮತ್ತು ನೀವಿಬ್ಬರು ಬರೆದುಕೊಂಡ ಕಾಗದ, ಇವೇ ಆಧಾರ. ಮೇಲೆ 'ಲೈಸೆನ್ಸ್' ಎಂದು ಬರೆದು ಒಳಗೆ ಮೆನುವಿನಿಂದ ಸಮವಸ್ತ್ರದವರೆಗೆ ಎಲ್ಲವನ್ನೂ ನಿಯಂತ್ರಿಸಿದರೆ ಅದು ಫ್ರಾಂಚೈಸಿಯೇ; ಶೀರ್ಷಿಕೆಗೆ ಅಂಥ ಬೆಲೆಯಿಲ್ಲ.

ಆ ಕಾಗದದಲ್ಲಿ ಎಲ್ಲರೂ ಪ್ರೀತಿಯಿಂದ ಬರೆಸುವ ಒಂದು ಷರತ್ತಿದೆ: ಕರಾರು ಮುಗಿದ ಮೇಲೆ ಐದು ವರ್ಷ ಇದೇ ವ್ಯಾಪಾರ ಮಾಡಬಾರದು ಎಂದು. ಕರಾರು ಕಾಯ್ದೆಯ 27ನೇ ಕಲಮಿನಿಂದಾಗಿ ಅದಕ್ಕೆ ಬಲವಿಲ್ಲ. ಕರಾರಿನ ಅವಧಿಯೊಳಗೆ ಪೈಪೋಟಿಯ ವ್ಯಾಪಾರ ಮಾಡಬಾರದೆಂಬ ಷರತ್ತನ್ನು ಮಾತ್ರ 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿದೆ. ಅಂದರೆ ನಿಮ್ಮಲ್ಲಿ ಎಲ್ಲವನ್ನೂ ಕಲಿತ ಶಿರಾದವರು ನಾಳೆ ಬೇರೆ ಹೆಸರಿನಲ್ಲಿ ಅದೇ ಜಾಗದಲ್ಲಿ ಅದೇ ಇಡ್ಲಿ ಮಾರಬಹುದು. ಆಗ ನಿಮ್ಮನ್ನು ಕಾಯುವುದು ಹೆಸರು, ಸಾಮಗ್ರಿಯ ಮೇಲಿನ ಹಿಡಿತ ಮತ್ತು ಅಗಲಿಕೆಯ ಷರತ್ತುಗಳು: ಬೋರ್ಡು ಎಷ್ಟು ದಿನದಲ್ಲಿ ಇಳಿಯಬೇಕು, ಸ್ವಿಗ್ಗಿ ಮತ್ತು ಜೊಮ್ಯಾಟೊ ಖಾತೆ, ಗೂಗಲ್ ನಕ್ಷೆಯ ಗುರುತು, ಗ್ರಾಹಕರಿಗೆ ಗೊತ್ತಿರುವ ಫೋನ್ ನಂಬರು ಇವೆಲ್ಲ ಯಾರ ಹೆಸರಿನಲ್ಲಿರಬೇಕು. ನಂಬರನ್ನು ನೀವೇ ತೆಗೆದುಕೊಂಡು ಬಳಸಲು ಕೊಡಿ ಎಂಬುದು ನನ್ನ ಸಲಹೆ. ದೊಡ್ಡವರಿಗೂ ಅಗಲಿಕೆ ಸುಲಭವಲ್ಲ. ಉತ್ತರ ಮತ್ತು ಪೂರ್ವ ಭಾರತದಲ್ಲಿ ತನ್ನ 169 ಮಳಿಗೆಗಳನ್ನು ನಡೆಸುತ್ತಿದ್ದ ಜಂಟಿ ಕಂಪನಿಯ ಫ್ರಾಂಚೈಸಿ ಕರಾರನ್ನು ಮ್ಯಾಕ್‌ಡೊನಾಲ್ಡ್ಸ್ 2017ರ ಆಗಸ್ಟ್‌ನಲ್ಲಿ ರದ್ದು ಮಾಡಿತು. ವ್ಯಾಜ್ಯ ಮುಗಿದದ್ದು 2019ರ ಮೇ ತಿಂಗಳಲ್ಲಿ, ಪಾಲುದಾರರ ಪಾಲನ್ನು ತಾನೇ ಕೊಂಡುಕೊಂಡ ಮೇಲೆ.

ಕೊನೆಯಲ್ಲಿ ಸಭೆಯಿಂದ ಒಬ್ಬರು ಕೇಳಿದರು: "ನಮ್ಮ ಭಾವಮೈದ ಆರೇಳು ವರ್ಷದಿಂದ ಬೆಂಗಳೂರಿನಲ್ಲಿ ನಮ್ಮ ಹೆಸರಿನಲ್ಲೇ ಹೋಟೆಲ್ ನಡೆಸುತ್ತಿದ್ದಾನೆ, ನಾವೇ ಬಾಯಿಮಾತಿನಲ್ಲಿ ಒಪ್ಪಿದ್ದು, ದುಡ್ಡು ಕಾಸು ಏನೂ ಇಲ್ಲ. ಇದು ಲೈಸೆನ್ಸೋ ಫ್ರಾಂಚೈಸಿಯೋ?" ಇದು ಬಾಯಿಮಾತಿನ ಲೈಸೆನ್ಸ್, ಆದರೆ ಸಾಬೀತುಪಡಿಸಲು ಕಷ್ಟವಾದದ್ದು. ಅವರು ಆ ಹೆಸರನ್ನು ತಮ್ಮದೆಂದು ನೋಂದಾಯಿಸಿಕೊಂಡು, ಅದು ಗೊತ್ತಿದ್ದೂ ನೀವು ಸತತ ಐದು ವರ್ಷ ಸುಮ್ಮನಿದ್ದರೆ, ಅವರು ಸದುದ್ದೇಶದಿಂದ ನೋಂದಾಯಿಸಿಲ್ಲ ಎಂದು ತೋರಿಸಲಾಗದ ಹೊರತು, 33ನೇ ಕಲಂ ಪ್ರಕಾರ ನೀವು ಆಕ್ಷೇಪಿಸುವ ಹಕ್ಕನ್ನು ಕಳೆದುಕೊಳ್ಳಬಹುದು. ಆದ್ದರಿಂದ ಮೊದಲು ಆ ಹೆಸರಿಗೆ ಬೇರೆ ಯಾರಾದರೂ ಅರ್ಜಿ ಹಾಕಿದ್ದಾರೆಯೇ ಎಂದು ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಹುಡುಕಿ, ಇಲ್ಲವಾದರೆ ಈ ವಾರವೇ ನಿಮ್ಮ ಅರ್ಜಿ ಸಲ್ಲಿಸಿ. ಅದರ ಜೊತೆಗೆ, ಹೆಸರಿನ ಒಡೆತನ ನಿಮ್ಮದು, ಇಂಥ ವರ್ಷದಿಂದ ನಿಮ್ಮ ಒಪ್ಪಿಗೆಯಂತೆ ಅವರು ಬಳಸುತ್ತಿದ್ದಾರೆ, ಬೇರೆಯವರಿಗೆ ಕೊಡುವ ಅಧಿಕಾರ ಅವರಿಗಿಲ್ಲ, ಗುಣಮಟ್ಟ ನೋಡಲು ನೀವು ಬರಬಹುದು ಎಂದು ಎರಡು ಪುಟದ ಕರಾರು ಬರೆದು ಇಬ್ಬರೂ ಸಹಿ ಹಾಕಿ. ರಾಯಲ್ಟಿ ಬೇಡವೆನಿಸಿದರೆ ಬೇಡ ಎಂದೇ ಬರೆಯಿರಿ, ಆದರೆ ನೆಂಟರ ನಡುವೆಯಾದರೂ ಅವಧಿಯನ್ನು ಮೂರು ವರ್ಷಕ್ಕೆ ಮಿತಿಗೊಳಿಸಿ. ಮೂರು ವರ್ಷದ ನಂತರ ಆ ಹೋಟೆಲ್ ನಿಮ್ಮ ಮೊದಲ ಫ್ರಾಂಚೈಸಿಯಾಗಬೇಕೋ, ಹೀಗೆಯೇ ಮುಂದುವರಿಯಬೇಕೋ ಎಂಬುದನ್ನು ಆಗ ಅದರ ಅಡುಗೆಮನೆಯನ್ನೂ ಲೆಕ್ಕವನ್ನೂ ನೋಡಿ ಇಬ್ಬರೂ ಕೂತು ತೀರ್ಮಾನಿಸಬಹುದು.